ಒಂದೇ ಎಲೆಯ ಎರಡು ರಸ: ಲೋಳೆಸರದ ಔಷಧ ಚರಿತ್ರೆ

ಪೇಟೆಬೀದಿಯಲ್ಲಿ ನಡೆಯುವಾಗ ಅಂಗಡಿಗಳ ಬಾಗಿಲ ಮೇಲೆ ಬೇರುಸಹಿತ ತಲೆಕೆಳಗಾಗಿ ಕಟ್ಟಿದ ಲೋಳೆಸರದ ಗಿಡವನ್ನು ನಾವೆಲ್ಲರೂ ಕಂಡಿದ್ದೇವೆ. ದೃಷ್ಟಿ ತಾಗದಿರಲೆಂದು ಕಟ್ಟಿದ ಆ ಗಿಡಕ್ಕೆ ಮಣ್ಣಿಲ್ಲ, ನೀರಿಲ್ಲ. ಆದರೂ ತಿಂಗಳುಗಟ್ಟಲೆ ಅದು ಬಾಡದೆ ಉಳಿಯುತ್ತದೆ. ಎಷ್ಟೋ ಸಲ ಎಲೆಯ ತುದಿಯನ್ನು ಬೆಳಕಿನತ್ತ ಬಾಗಿಸಿ ಹೊಸ ಚಿಗುರನ್ನೂ ತೋರುತ್ತದೆ. ಸಾಯಲೊಲ್ಲದ ಈ ಗುಣವೇ ಅದನ್ನು ಬಾಗಿಲಿಗೆ ಏರಿಸಿರಬೇಕು. ಇದೇ ಗಿಡದ ತಿಳಿ ಲೋಳೆಯನ್ನು ತುಂಬಿದ ಸೀಸೆಗಳು ಅದೇ ಅಂಗಡಿಯ ಒಳಗೆ ಸಾಲಾಗಿ ನಿಂತಿವೆ. ಮುಖಕ್ಕೆ ಹಚ್ಚುವುದೊಂದು, ತಲೆಗೆ ತಿಕ್ಕುವುದೊಂದು, ಬೆಳಗ್ಗೆ ಬರಿಹೊಟ್ಟೆಯಲ್ಲಿ ಕುಡಿಯುವುದೊಂದು. ಅವುಗಳ ಮೇಲೆ ಲೋಳೆಸರ ಎಂಬ ಹೆಸರಿಲ್ಲ, ‘ಅಲೋವೆರಾ’ ಎಂದಿದೆ. ನಮ್ಮ ಮನೆಯ ಮಕ್ಕಳೂ ಈಗ ಹಾಗೆಯೇ ಕರೆಯುತ್ತಾರೆ.

ಹೆಸರು ಬದಲಾದರೆ ಗಿಡ ಬದಲಾಗುವುದಿಲ್ಲ, ನಿಜ. ಆದರೆ ಈ ಗಿಡದ ವಿಷಯದಲ್ಲಿ ಹಳೆಯ ಹೆಸರುಗಳೊಡನೆ ಒಂದು ಹಳೆಯ ವಿವೇಕವೂ ಮರೆಯಾಗುತ್ತಿದೆ. ಲೋಳೆಸರದ ಎಲೆಯಲ್ಲಿರುವುದು ಒಂದು ರಸವಲ್ಲ, ಎರಡು. ಒಂದು ಸಿಪ್ಪೆಯ ಅಡಿಯಿಂದ ಒಸರುವ ಹಳದಿ ಬಣ್ಣದ ಕಡುಕಹಿ ರಸ. ಇನ್ನೊಂದು ಎಲೆಯ ಒಡಲಲ್ಲಿ ತುಂಬಿಕೊಂಡಿರುವ, ಬಣ್ಣವಿಲ್ಲದ ತಂಪಾದ ಲೋಳೆ. ಎರಡರ ರಚನೆ ಬೇರೆ, ಗುಣ ಬೇರೆ, ಚರಿತ್ರೆಯೂ ಬೇರೆ. ಎರಡು ಸಾವಿರ ವರ್ಷಗಳ ಕಾಲ ಹಡಗುಗಳಲ್ಲಿ ಸಾಗಿದ್ದು, ವೈದ್ಯಗ್ರಂಥಗಳಲ್ಲಿ ಬೆಲೆ ಪಡೆದದ್ದು ಬಹುಮಟ್ಟಿಗೆ ಕಹಿ ರಸ. ಲೋಳೆಗೆ ಜಗತ್ಪ್ರಸಿದ್ಧಿ ಬಂದದ್ದು ಕಳೆದ ನೂರು ವರ್ಷಗಳ ಒಳಗೆ. ಈ ಎರಡು ಚರಿತ್ರೆಗಳನ್ನು ಬೇರ್ಪಡಿಸಿ ನೋಡುವುದು ಈ ಲೇಖನದ ಉದ್ದೇಶ.

ಗಡಿಯ ಭಾಷೆಗಳಲ್ಲಿ ಗಿಡ ಮತ್ತು ರಸ

ಗಡಿನಾಡಿನಲ್ಲಿ ಬಾಳುವವರಿಗೆ ಒಂದು ಅನುಕೂಲವಿದೆ. ಒಂದು ವಸ್ತುವಿಗೆ ಎರಡು ಮೂರು ಭಾಷೆಗಳ ಹೆಸರು ನಮ್ಮ ಕಿವಿಯ ಮೇಲೆ ಬಿದ್ದಿರುತ್ತದೆ. ನಾವು ಲೋಳೆಸರ, ಲೋಳಿಸರ ಎನ್ನುವ ಗಿಡವನ್ನು ಸೊಲ್ಲಾಪುರ, ಅಕ್ಕಲಕೋಟೆಗಳ ಮರಾಠಿ ನೆರೆಯವರು ಕೋರಫಡ ಎನ್ನುತ್ತಾರೆ. ಆದೋನಿ, ರಾಯದುರ್ಗಗಳ ತೆಲುಗರಿಗೆ ಅದು ಕಲಬಂದ. ಹೊಸೂರು, ತಾಳವಾಡಿಗಳಲ್ಲಿ ತಮಿಳಿನ ಕಟ್ರಾಳೈ. ಕಾಸರಗೋಡು, ವಯನಾಡುಗಳಲ್ಲಿ ಮಲಯಾಳದ ಕಟ್ಟಾರ್‌ವಾಳ. ಸಂಸ್ಕೃತದ ವೈದ್ಯರು ಕುಮಾರಿ, ಘೃತಕುಮಾರಿ ಎಂದರು. ತುಪ್ಪದಂತಹ ಜಾರು ಲೋಳೆಯಿಂದ ‘ಘೃತ’ವೆಂಬುದು ಸೇರಿಕೊಂಡಿತು, ಎಂದೂ ಮುಪ್ಪಾಗದಂತೆ ತೋರುವ ಹಸಿರಿನಿಂದ ‘ಕುಮಾರಿ’ ಎಂಬುದು ಬಂತೆಂದು ಹೇಳುವ ರೂಢಿಯಿದೆ.

ಗಮನಿಸಬೇಕಾದ ಸಂಗತಿಯೆಂದರೆ, ಈ ಎಲ್ಲ ಭಾಷೆಗಳಲ್ಲಿಯೂ ಒಣಗಿಸಿದ ಕಹಿ ರಸಕ್ಕೆ ಬೇರೆಯೇ ಹೆಸರಿದೆ. ಕನ್ನಡದಲ್ಲಿ ಅದು ಕರಿಬೋಳ ಅಥವಾ ಮುಸಂಬ್ರ. ಮರಾಠಿಯಲ್ಲಿ ಕಾಳಾ ಬೋಳ, ತೆಲುಗಿನಲ್ಲಿ ಮುಸಾಂಬರಂ, ತಮಿಳಿನಲ್ಲಿ ಮೂಸಾಂಬರಂ, ಮಲಯಾಳದಲ್ಲಿ ಚೆನ್ನಿನಾಯಕಂ, ದಖ್ಖನಿ ಮತ್ತು ಉರ್ದುವಿನಲ್ಲಿ ಏಲವಾ, ಮುಸಬ್ಬರ್. ಗ್ರಂಧಿಗೆ ಅಂಗಡಿಯಲ್ಲಿ ಕಪ್ಪು ಹರಳಿನಂತೆ ಹೊಳೆಯುವ ಈ ಗಟ್ಟಿಯನ್ನು ಕೊಂಡು ತಂದು, ನೀರಿನಲ್ಲಿ ತೇಯ್ದು, ಉಳುಕಿದ ಕಾಲಿಗೂ ಬಾವಿಗೂ ಬಿಸಿಯಾಗಿ ಪಟ್ಟು ಹಾಕುವುದು ದಕ್ಷಿಣದ ಎಲ್ಲ ಕಡೆಯೂ ಇದ್ದ ಮನೆಮದ್ದು. ಮೊಲೆ ಬಿಡದ ಮಗುವಿಗೆ ಅದನ್ನು ಬಿಡಿಸಲು ಕೇರಳದ ತಾಯಂದಿರು ಮೊಲೆತೊಟ್ಟಿಗೆ ಚೆನ್ನಿನಾಯಕ ಸವರಿಕೊಳ್ಳುತ್ತಿದ್ದುದು ಕಾಸರಗೋಡಿನ ಹಿರಿಯರಿಗೆ ಹೊಸ ಮಾತಲ್ಲ. ಕಹಿಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಈ ಹೆಸರುಗಳ ಒಳಗೇ ವಾಣಿಜ್ಯದ ಚರಿತ್ರೆ ಅಡಗಿದೆ. ‘ಬೋಳ’ವೆಂಬುದು ಮೂಲತಃ ಅರೇಬಿಯಾ ಮತ್ತು ಆಫ್ರಿಕದ ಕೊಂಬಿನಿಂದ ಬರುತ್ತಿದ್ದ ಒಂದು ಪರಿಮಳದ ಅಂಟಿನ ಹೆಸರು. ಅದರಂತೆಯೇ ಗಟ್ಟಿಯಾಗಿ, ಆದರೆ ಕಪ್ಪಾಗಿ, ಅದೇ ಕಡಲ ದಾರಿಯಲ್ಲಿ ಬಂದ ಸರಕು ಕರಿಬೋಳವಾಯಿತು. ‘ಮುಸಂಬ್ರ’ದ ಹಿಂದೆ ಅರಬ್ಬಿಯ ‘ಮುಸಬ್ಬರ್’ ಇದೆ. ಅದರ ಮೂಲ ಲೋಳೆಸರದ ಅರಬ್ಬೀ ಹೆಸರಾದ ‘ಸಬಿರ್’. ಅದೇ ಧಾತುವಿನಿಂದ ಬಂದ ‘ಸಬ್ರ್’ ಎಂದರೆ ತಾಳ್ಮೆ. ಕಹಿಯನ್ನು ನುಂಗುವುದಕ್ಕೂ ತಾಳ್ಮೆಗೂ ಇರುವ ನಂಟನ್ನು ಅರಬ್ಬೀ ಕವಿಗಳು ಸುಮ್ಮನೆ ಬಿಟ್ಟವರಲ್ಲ.

ಇಲ್ಲಿಯೇ ಒಂದು ಎಚ್ಚರಿಕೆಯ ಮಾತು. ಬೇಲಿಯ ಬದುವಿನಲ್ಲಿ ಬೆಳೆಯುವ, ನಾರು ತೆಗೆಯುವ ಕತ್ತಾಳೆಯು ಲೋಳೆಸರವಲ್ಲ. ಅದು ಅಮೆರಿಕ ಖಂಡದಿಂದ ಬಂದ ಬೇರೊಂದು ಕುಲದ ಗಿಡ. ತಮಿಳಿನಲ್ಲಿ ಎರಡಕ್ಕೂ ‘ಕಟ್ರಾಳೈ’ ಎಂಬ ಪದ ಸೇರಿಕೊಂಡಿರುವುದರಿಂದ ಗಡಿಭಾಗದಲ್ಲಿ ಗೊಂದಲಕ್ಕೆ ಆಸ್ಪದವಿದೆ. ಕತ್ತಾಳೆಯ ರಸದಲ್ಲಿ ಸೂಜಿಯಂತಹ ಆಕ್ಸಲೇಟ್ ಹರಳುಗಳಿವೆ. ಚರ್ಮಕ್ಕೆ ತಾಗಿದರೆ ಉರಿ, ತುರಿಕೆ, ಗುಳ್ಳೆ ಏಳುತ್ತವೆ.

ಎಲೆಯೊಳಗಿನ ವ್ಯವಸ್ಥೆ

ಲೋಳೆಸರದ ಎಲೆಯನ್ನು ಅಡ್ಡಲಾಗಿ ಕೊಯ್ದರೆ ಮೂರು ಭಾಗಗಳು ತೋರುತ್ತವೆ. ಹೊರಗೆ ದಪ್ಪನಾದ ಹಸಿರು ಸಿಪ್ಪೆ; ಬಿಸಿಲಿನಿಂದ ಆಹಾರ ತಯಾರಾಗುವುದು ಅಲ್ಲಿ. ಸಿಪ್ಪೆಯ ಒಳಮೈಗೆ ಅಂಟಿಕೊಂಡು ನೀರು, ಆಹಾರಗಳನ್ನು ಸಾಗಿಸುವ ನಾಳಗಳ ಸಾಲಿದೆ. ಆ ನಾಳಗಳ ಮಗ್ಗುಲಿನ ಕೋಶಗಳಲ್ಲಿ ಹಳದಿ ರಸ ಶೇಖರವಾಗಿರುತ್ತದೆ. ಮಧ್ಯದಲ್ಲಿ ಪಾರದರ್ಶಕವಾದ ತಿರುಳು, ಅಂದರೆ ಲೋಳೆ. ಕೊಯ್ದ ಕೂಡಲೇ ಅಂಚಿನಿಂದ ಹಳದಿ ರಸ ತಾನಾಗಿ ಒಸರುತ್ತದೆ; ಲೋಳೆ ಒಸರುವುದಿಲ್ಲ, ಅದನ್ನು ಕೆರೆದು ತೆಗೆಯಬೇಕು.

ಲೋಳೆಯಲ್ಲಿ ನೂರಕ್ಕೆ ಸುಮಾರು 99 ಪಾಲು ನೀರು. ಅದು ಗಿಡದ ಜಲಾಶಯ. ಹಗಲಿನ ಬಿಸಿಲಿನಲ್ಲಿ ಎಲೆಯ ಸೂಕ್ಷ್ಮರಂಧ್ರಗಳನ್ನು ಮುಚ್ಚಿಕೊಂಡು, ತಂಪಾದ ರಾತ್ರಿಯಲ್ಲಿ ತೆರೆದು ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಒಳಗೆ ಸೆಳೆದು, ಮ್ಯಾಲಿಕ್ ಆಮ್ಲದ ರೂಪದಲ್ಲಿ ಕೂಡಿಟ್ಟು, ಮರುದಿನ ಬೆಳಕಿನಲ್ಲಿ ಅದನ್ನು ಬಳಸಿಕೊಳ್ಳುವ ಕ್ರಮ ಈ ಗಿಡದ್ದು. ಹೀಗಾಗಿ ನೀರು ಆವಿಯಾಗುವುದು ಅತ್ಯಲ್ಪ. ಅಂಗಡಿಯ ಬಾಗಿಲಲ್ಲಿ ತೂಗುವ ಗಿಡ ಬಾಡದಿರುವುದರ ಗುಟ್ಟು ಇದೇ. ಹಳದಿ ರಸದ್ದು ಕಾವಲಿನ ಕೆಲಸ. ನೀರಿಲ್ಲದ ನಾಡಿನಲ್ಲಿ ನೀರು ತುಂಬಿದ ಎಲೆ ಎಲ್ಲ ಪ್ರಾಣಿಗಳಿಗೂ ಆಸೆಯ ತುತ್ತು. ಬಾಯಿಟ್ಟ ಕೂಡಲೇ ತಗಲುವ ಕಹಿ ಆ ತುತ್ತನ್ನು ಉಗುಳಿಸುತ್ತದೆ. ನೀರಿನ ಕಣಜ ಒಳಗೆ, ಕಹಿಯ ಬೇಲಿ ಹೊರಗೆ. ಮನುಷ್ಯ ಮೊದಲು ಮದ್ದಾಗಿ ಬೆಲೆಕಟ್ಟಿದ್ದು ಈ ಬೇಲಿಗೆ.

ಕಡಲ ದಾರಿಯ ಕಹಿ ಸರಕು

ಲೋಳೆಸರದ ಕುಲದಲ್ಲಿ 500ಕ್ಕೂ ಹೆಚ್ಚು ಜಾತಿಗಳಿವೆ. ಬಹುಪಾಲು ಆಫ್ರಿಕ, ಮಡಗಾಸ್ಕರ್ ಮತ್ತು ಅರೇಬಿಯಾಗಳವು. ನಮ್ಮ ಹಿತ್ತಿಲಿನ ಲೋಳೆಸರದ ತವರು ಎಲ್ಲಿ ಎಂಬುದು ಬಹುಕಾಲ ಪ್ರಶ್ನೆಯಾಗಿಯೇ ಇತ್ತು. ಸಾವಿರಾರು ವರ್ಷ ಮನುಷ್ಯರೊಡನೆ ತಿರುಗಿದ ಗಿಡಕ್ಕೆ ಕಾಡಿನ ಮನೆ ಹುಡುಕುವುದು ಸುಲಭವಲ್ಲ. 2015ರಲ್ಲಿ ಪ್ರಕಟವಾದ ವಂಶವಾಹಿಗಳ ಅಧ್ಯಯನವೊಂದು ಅದರ ಹತ್ತಿರದ ಬಂಧುಗಳೆಲ್ಲ ಅರೇಬಿಯಾದ ಪರ್ಯಾಯದ್ವೀಪದವೆಂದು ತೋರಿಸಿ, ತವರನ್ನು ಅಲ್ಲಿಯೇ ಗುರುತಿಸಿತು. ಇಷ್ಟೊಂದು ಜಾತಿಗಳ ನಡುವೆ ಇದೊಂದೇ ಲೋಕವ್ಯಾಪಿಯಾದುದಕ್ಕೆ ಅದರ ರಸಾಯನಕ್ಕಿಂತಲೂ, ಪ್ರಾಚೀನ ವ್ಯಾಪಾರದ ಹೆದ್ದಾರಿಯ ಪಕ್ಕದಲ್ಲಿಯೇ ಅದು ಬೆಳೆಯುತ್ತಿತ್ತು ಎಂಬುದೇ ದೊಡ್ಡ ಕಾರಣವಿರಬಹುದು.

ಆ ಹೆದ್ದಾರಿಗೆ ಲಿಖಿತ ಸಾಕ್ಷ್ಯವಿದೆ. ಕ್ರಿ.ಶ. 1ನೆಯ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ರಚಿತವಾದ, ನಮ್ಮ ಪಶ್ಚಿಮ ಕರಾವಳಿಯ ಬಂದರುಗಳನ್ನೂ ಹೆಸರಿಸುವ ‘ಪೆರಿಪ್ಲಸ್’ ಎಂಬ ನಾವಿಕರ ಕೈಪಿಡಿ, ದಕ್ಷಿಣ ಅರೇಬಿಯಾದ ಕಾನೆ ಎಂಬ ಬಂದರಿನಿಂದ ಹೊರಹೋಗುವ ಸ್ಥಳೀಯ ಸರಕುಗಳಲ್ಲಿ ಧೂಪದ ಜೊತೆಗೆ ಲೋಳೆಸರದ ರಸವನ್ನೂ ಹೇಳುತ್ತದೆ. ಅದೇ ಶತಮಾನದಲ್ಲಿ ಡಯೊಸ್ಕೊರಿಡೀಸ್ ಎಂಬ ಗ್ರೀಕ್ ವೈದ್ಯ ಬರೆದ ಔಷಧದ್ರವ್ಯಗಳ ಮಹಾಗ್ರಂಥದಲ್ಲಿ ಈ ಗಿಡಕ್ಕೆ ಒಂದು ಪ್ರತ್ಯೇಕ ಅಧ್ಯಾಯವಿದೆ. ಭೇದಿಗೆ, ಗಾಯಕ್ಕೆ, ಮೂಲವ್ಯಾಧಿಗೆ, ಕೂದಲು ಉದುರುವುದಕ್ಕೆ ಅದನ್ನು ಬಳಸುವ ಕ್ರಮವನ್ನು ಆತ ವಿವರಿಸುತ್ತಾನೆ. ರಸ ಹೆಚ್ಚಾಗಿ ಭಾರತದಿಂದ ಬರುತ್ತದೆ, ಅರೇಬಿಯಾದಲ್ಲಿಯೂ ಗಿಡವಿದೆ ಎನ್ನುತ್ತಾನೆ. ವ್ಯಾಪಾರಿಗಳು ಅದಕ್ಕೆ ಅಂಟನ್ನು ಬೆರೆಸಿ ಮೋಸ ಮಾಡುತ್ತಾರೆ, ಕಹಿಯಿಂದಲೂ ವಾಸನೆಯಿಂದಲೂ ಅಸಲಿಯನ್ನು ಗುರುತಿಸಬೇಕು ಎಂದು ಎಚ್ಚರಿಸುತ್ತಾನೆ. ಕ್ರಿ.ಶ. 512ರ ಸುಮಾರಿನಲ್ಲಿ ಕಾನ್‌ಸ್ಟಾಂಟಿನೋಪಲ್ಲಿನಲ್ಲಿ ರಾಜಕುಮಾರಿ ಜೂಲಿಯಾನಾ ಅನಿಸಿಯಾಳಿಗಾಗಿ ಸಿದ್ಧವಾದ ಈ ಗ್ರಂಥದ ಸಚಿತ್ರ ಪ್ರತಿಯಲ್ಲಿ ಲೋಳೆಸರದ ಬಣ್ಣದ ಚಿತ್ರವೂ ಇದೆ. ಆ ಪ್ರತಿ ಇಂದು ವಿಯೆನ್ನಾದಲ್ಲಿದೆ.

ಅರಬ್ಬೀ ಸಮುದ್ರದ ಬಾಯಲ್ಲಿರುವ ಸೊಕೊತ್ರಾ ದ್ವೀಪದ ಜಾತಿ ಬೇರೆ; ಸಸ್ಯಶಾಸ್ತ್ರಜ್ಞರು ಅದನ್ನು 1881ರಲ್ಲಿ ಅಲೋ ಪೆರಿಯಿ ಎಂದು ಹೆಸರಿಸಿದರು. ಶತಮಾನಗಳ ಕಾಲ ಅತ್ಯುತ್ತಮ ಕರಿಬೋಳವೆಂದರೆ ಸೊಕೊತ್ರಾದ್ದೇ ಎಂಬ ಮಾತಿತ್ತು. ನೆಲದಲ್ಲಿ ಕುಳಿ ತೋಡಿ, ಅದಕ್ಕೆ ಆಡಿನ ಚರ್ಮ ಹಾಸಿ, ಕೊಯ್ದ ಎಲೆಗಳನ್ನು ಕತ್ತರಿಸಿದ ಬದಿ ಒಳಗಾಗುವಂತೆ ಸುತ್ತಲೂ ಒಟ್ಟಿದರೆ, ಹಿಂಡುವ ಶ್ರಮವಿಲ್ಲದೆ ಹಳದಿ ರಸ ತಾನಾಗಿ ತೊಟ್ಟಿಕ್ಕಿ ಕೂಡುತ್ತದೆ. ಅದನ್ನು ಬಿಸಿಲಿನಲ್ಲಿ ಇಲ್ಲವೆ ಬೆಂಕಿಯ ಮೇಲೆ ಇಂಗಿಸಿದರೆ ಕರಿಬೋಳ ಸಿದ್ಧ. ಹೀಗೆ ತಯಾರಾದ ಸರಕು ಚರ್ಮದ ಚೀಲಗಳಲ್ಲಿ ಮುಂಬಯಿಗೆ ಬಂದು, ಅಲ್ಲಿ ಪೆಟ್ಟಿಗೆಗಳಿಗೆ ತುಂಬಲ್ಪಟ್ಟು ಯೂರೋಪಿಗೆ ಹೋಗುತ್ತಿದ್ದುದು 19ನೆಯ ಶತಮಾನದ ವ್ಯವಹಾರ.

ಸೊಕೊತ್ರಾದ ಈ ಕೀರ್ತಿಗೆ ಒಂದು ಕಥೆಯೂ ಹುಟ್ಟಿಕೊಂಡಿತು. ಗುರು ಅರಿಸ್ಟಾಟಲನ ಸಲಹೆಯಂತೆ ಅಲೆಕ್ಸಾಂಡರ್ ಲೋಳೆಸರದ ಆಸೆಗಾಗಿಯೇ ಆ ದ್ವೀಪವನ್ನು ಗೆದ್ದು ಅಲ್ಲಿ ಗ್ರೀಕರನ್ನು ನೆಲೆಗೊಳಿಸಿದನೆಂದು 10ನೆಯ ಶತಮಾನದ ಅಲ್ ಮಸೂದಿ ಮೊದಲಾದ ಅರಬ್ಬೀ ಲೇಖಕರು ಬರೆದಿದ್ದಾರೆ. ಅಲೆಕ್ಸಾಂಡರನಿಗೂ ಮಸೂದಿಗೂ ನಡುವೆ 1,200 ವರ್ಷಗಳಿಗೂ ಮಿಕ್ಕಿದ ಅಂತರವಿದೆ. ಕಥೆಯಿಂದ ತಿಳಿಯುವುದು ಅಲೆಕ್ಸಾಂಡರನ ದಿಗ್ವಿಜಯವಲ್ಲ, 10ನೆಯ ಶತಮಾನದ ಅರಬರ ಕಣ್ಣಿನಲ್ಲಿ ಈ ಸರಕಿಗಿದ್ದ ಬೆಲೆ.

ಇನ್ನೊಂದು ಗೊಂದಲವನ್ನೂ ಇಲ್ಲಿ ಬಿಡಿಸಬೇಕು. ಹಳೆಯ ಪಾಶ್ಚಾತ್ಯ ಬರಹಗಳಲ್ಲಿ ಸುಗಂಧದ್ರವ್ಯಗಳ ನಡುವೆ ‘ಅಲೋ’ ಎಂದು ಬಂದಾಗ ಅದು ಅನೇಕ ಕಡೆ ಲೋಳೆಸರವಲ್ಲ. ನಾವು ಅಗರು ಎನ್ನುವ ಮರದ ಪರಿಮಳದ ತಿರುಳು. ಎರಡೂ ಪೂರ್ವದಿಂದ ಬಂದವು, ಹೆಸರು ಒಂದಾಯಿತು. ಅಗರು ಸುಟ್ಟರೆ ಸುಗಂಧ. ಕರಿಬೋಳ ಸುಟ್ಟರೆ ಯಾರೂ ಹತ್ತಿರ ನಿಲ್ಲಲಾರರು.

ವೈದ್ಯಶಾಸ್ತ್ರಗಳಲ್ಲಿ ಕುಮಾರಿ

ಭಾರತದ ವೈದ್ಯಪರಂಪರೆಯಲ್ಲಿ ಕುಮಾರಿಯ ಪ್ರಾಮುಖ್ಯ ಮಧ್ಯಯುಗದಲ್ಲಿ ಎದ್ದು ಕಾಣುತ್ತದೆ. ಶಾರ್ಙ್ಗಧರ ಸಂಹಿತೆಯಲ್ಲಿ ಬರುವ ಕುಮಾರ್ಯಾಸವ ಇಂದಿಗೂ ಆಯುರ್ವೇದದ ಅಂಗಡಿಗಳಲ್ಲಿ ದೊರೆಯುತ್ತದೆ. ಲೋಳೆಸರದ ರಸಕ್ಕೆ ಬೆಲ್ಲ, ಜೇನು, ಲೋಹ ಮತ್ತು ಅನೇಕ ಮೂಲಿಕೆಗಳನ್ನು ಸೇರಿಸಿ ಹುದುಗಿಸಿ ಮಾಡುವ ಔಷಧ ಅದು. ರಸಶಾಸ್ತ್ರದ ವೈದ್ಯರು ಲೋಹ, ಪಾದರಸಗಳನ್ನು ಅರೆದು ಸಂಸ್ಕರಿಸುವಾಗ ಕುಮಾರಿಯ ರಸವನ್ನು ಬಳಸುತ್ತಿದ್ದರು. ಕರಿಬೋಳ, ಬಿಳಿಗಾರ, ಅನ್ನಭೇದಿ, ಇಂಗು ಸೇರಿದ ರಜಃಪ್ರವರ್ತಿನೀ ವಟಿ ಹೆಸರೇ ಹೇಳುವಂತೆ ನಿಂತ ಮುಟ್ಟನ್ನು ಹರಿಸಲು ಕೊಡುವ ಗುಳಿಗೆ. ಬಸುರಿಯರಿಗೆ ಕರಿಬೋಳ ಕೂಡದೆಂಬ ಹಿರಿಯರ ಕಟ್ಟುನಿಟ್ಟಿನ ಕಾರಣವೂ ಇಲ್ಲಿಯೇ ಇದೆ.

16ನೆಯ ಶತಮಾನದ ಭಾವಮಿಶ್ರನ ಭಾವಪ್ರಕಾಶವು ಕುಮಾರಿಯ ಗುಣಗಳನ್ನು ಎಣಿಸುತ್ತದೆ. ಅದು ಭೇದಿಕರ, ಶೀತಲ, ಕಹಿ. ಗುಲ್ಮ, ಪ್ಲೀಹ, ಯಕೃತ್ತುಗಳ ವೃದ್ಧಿಗೆ ಹಿತ. ಬೆಂಕಿಯ ಸುಟ್ಟಗಾಯಕ್ಕೆ, ಬೊಕ್ಕೆಗಳಿಗೆ, ಚರ್ಮರೋಗಗಳಿಗೆ ಮದ್ದು ಎಂಬುದು ಆ ಪಟ್ಟಿಯ ಸಾರಾಂಶ. ಇಂದಿನ ತಿಳಿವಳಿಕೆಯಿಂದ ಈ ಪಟ್ಟಿಯನ್ನು ಓದಿದರೆ ಎರಡು ರಸಗಳೂ ಅದರಲ್ಲಿ ಒಟ್ಟಿಗೆ ನಿಂತಿರುವುದು ಸ್ಪಷ್ಟವಾಗುತ್ತದೆ. ಭೇದಿಯ ಗುಣ ಹಳದಿ ರಸದ್ದು. ಸುಟ್ಟಗಾಯಕ್ಕೆ ತಂಪೆರೆಯುವುದು ಲೋಳೆ. ಶಾಸ್ತ್ರ ಗಿಡವನ್ನು ಒಂದಾಗಿ ಹಾಡಿತು. ಯಾವುದಕ್ಕೆ ಯಾವ ಭಾಗ ಎಂಬುದನ್ನು ವೈದ್ಯನ ಕೈ ತಿಳಿದಿತ್ತು.

ಅದೇ 16ನೆಯ ಶತಮಾನದಲ್ಲಿ ಗೋವೆಯಲ್ಲಿ ಇನ್ನೊಬ್ಬ ವೈದ್ಯ ಇದೇ ಗಿಡದ ಬೆನ್ನು ಹತ್ತಿದ್ದ. ಗಾರ್ಸಿಯಾ ದ ಓರ್ತಾ ಎಂಬ ಪೋರ್ಚುಗೀಸ್ ವೈದ್ಯ ಭಾರತದ ಔಷಧದ್ರವ್ಯಗಳ ಬಗ್ಗೆ ಸಂವಾದರೂಪದಲ್ಲಿ ಬರೆದ ಗ್ರಂಥ 1563ರಲ್ಲಿ ಗೋವೆಯಲ್ಲಿಯೇ ಅಚ್ಚಾಯಿತು. ಅದರ ಎರಡನೆಯ ಸಂವಾದವೇ ಲೋಳೆಸರದ್ದು. ಅರಬರು, ಗುಜರಾತಿಗಳು ಮತ್ತು ದಖ್ಖನಿಗಳು ಕರೆಯುವ ಹೆಸರುಗಳ ಜೊತೆಗೆ, ತಾನು ‘ಕನಾರಿಂ’ ಎಂದು ಕರೆಯುವ ಗೋವೆಯ ಕರಾವಳಿಯ ಜನ ಅದನ್ನು ‘ಕತೆಕೊಮರ್’ ಎನ್ನುತ್ತಾರೆಂದು ಓರ್ತಾ ಬರೆದುಕೊಂಡಿದ್ದಾನೆ. ಪರದೇಶಿಯ ಕಿವಿಗೆ ಬಿದ್ದ ಆ ಮಾತಿನ ಬಾಲದಲ್ಲಿ ನಮ್ಮ ಕುಮಾರಿ ಇದ್ದಾಳೆ. ಪುಸ್ತಕಗಳಲ್ಲಿ ಗ್ರೀಕರು ಹೇಳಿದ್ದನ್ನು ಒಪ್ಪಿಕೊಂಡು ಸುಮ್ಮನಿರದೆ, ಪೇಟೆಯಲ್ಲಿ ವಿಚಾರಿಸಿ, ಊರ ವೈದ್ಯರನ್ನು ಕೇಳಿ, ಕಂಡದ್ದನ್ನು ಬರೆಯುವ ಓರ್ತಾನ ಕ್ರಮ ಔಷಧಶಾಸ್ತ್ರದ ಚರಿತ್ರೆಯಲ್ಲಿ ಒಂದು ತಿರುವು.

ಯೂರೋಪಿಯನ್ನರ ಹಡಗುಗಳಲ್ಲಿ ಗಿಡ ಪಶ್ಚಿಮಕ್ಕೂ ಹೋಯಿತು. 17ನೆಯ ಶತಮಾನದಲ್ಲಿ ಕೆರಿಬಿಯನ್ ಸಮುದ್ರದ ಬಾರ್ಬಡೋಸ್ ದ್ವೀಪದಲ್ಲಿ ಅದರ ಕೃಷಿ ಆರಂಭವಾಗಿ, ಅಲ್ಲಿನ ಕರಿಬೋಳ ಸೋರೆಬುರುಡೆಗಳಲ್ಲಿ ತುಂಬಿ ಲಂಡನ್ನಿಗೆ ಬರತೊಡಗಿತು. ಆ ಖ್ಯಾತಿಯ ಗುರುತು ಗಿಡದ ಹೆಸರಿನಲ್ಲಿಯೂ ಉಳಿದಿದೆ. 1768ರ ಏಪ್ರಿಲ್‌ನಲ್ಲಿ ಬರ್ಮನ್ ಎಂಬ ಡಚ್ ಸಸ್ಯಶಾಸ್ತ್ರಜ್ಞ ‘ಫ್ಲೋರಾ ಇಂಡಿಕಾ’ ಗ್ರಂಥದಲ್ಲಿ ಇದನ್ನು ‘ಅಲೋ ವೆರಾ’ ಎಂದ. ಕೆಲವೇ ದಿನಗಳ ಅಂತರದಲ್ಲಿ ಇಂಗ್ಲೆಂಡಿನ ಫಿಲಿಪ್ ಮಿಲ್ಲರ್ ಇದನ್ನೇ ‘ಅಲೋ ಬಾರ್ಬಡೆನ್ಸಿಸ್’ ಎಂದ. ಮೊದಲು ಪ್ರಕಟವಾದುದಕ್ಕೆ ಮನ್ನಣೆ ಎಂಬ ನಿಯಮದಂತೆ ಬರ್ಮನ್ನನ ಹೆಸರು ನಿಂತಿತು. ಸೀಸೆಗಳ ಮೇಲಿನ ‘ಅಲೋವೆರಾ’ದ ಹಿಂದಿರುವುದು ಈ ಕೆಲವು ದಿನಗಳ ಮೇಲುಗೈ. ‘ವೆರಾ’ ಎಂದರೆ ಲ್ಯಾಟಿನ್ನಿನಲ್ಲಿ ‘ನಿಜವಾದ’ ಎಂದರ್ಥ.

ಕಹಿಯ ರಸಾಯನ

ಕರಿಬೋಳದ ಭೇದಿಗುಣಕ್ಕೆ ಕಾರಣವಾದ ವಸ್ತು ಯಾವುದು? ಉತ್ತರ ದೊರೆತದ್ದು 1851ರಲ್ಲಿ, ಎಡಿನ್‌ಬರೋ ನಗರದಲ್ಲಿ. ಟಿ. ಮತ್ತು ಎಚ್. ಸ್ಮಿತ್ ಎಂಬ ಔಷಧ ತಯಾರಕರು ಬಾರ್ಬಡೋಸಿನ ಕರಿಬೋಳದಿಂದ ಹಳದಿ ಹರಳುಗಳನ್ನು ಬೇರ್ಪಡಿಸಿ ‘ಅಲೋಯಿನ್’ ಎಂದು ಹೆಸರಿಟ್ಟರು. ಬಾರ್ಬಲೋಯಿನ್ ಎಂಬುದೂ ಅದಕ್ಕೆ ಸಲ್ಲುವ ಹೆಸರು. ಅಲೋ-ಎಮೋಡಿನ್ ಆಂಥ್ರೋನ್ ಎಂಬ ವಸ್ತುವಿಗೆ ಗ್ಲೂಕೋಸ್ ಸಕ್ಕರೆಯ ಕಣವೊಂದು ಬಿಡಿಸಲಾಗದಷ್ಟು ಗಟ್ಟಿಯಾಗಿ ಜೋಡಿಸಿಕೊಂಡಿರುವ ರಚನೆ ಅದರದು.

ಈ ಗಟ್ಟಿ ಜೋಡಣೆಯಲ್ಲಿಯೇ ಅದರ ಕೆಲಸದ ಗುಟ್ಟಿದೆ. ಜಠರದಲ್ಲಿ, ಸಣ್ಣ ಕರುಳಿನಲ್ಲಿ ಅಲೋಯಿನ್ ಬಹುಮಟ್ಟಿಗೆ ಹಾಗೆಯೇ ದಾಟಿಹೋಗುತ್ತದೆ. ದೊಡ್ಡ ಕರುಳನ್ನು ಮುಟ್ಟಿದಾಗ ಅಲ್ಲಿನ ಸೂಕ್ಷ್ಮಜೀವಿಗಳು ಸಕ್ಕರೆಯ ಕೊಂಡಿಯನ್ನು ಕಳಚುತ್ತವೆ. ಬಿಡುಗಡೆಯಾದ ಆಂಥ್ರೋನ್ ಕರುಳಿನ ಗೋಡೆಯನ್ನು ಕೆರಳಿಸಿ ಚಲನೆಯನ್ನು ಹೆಚ್ಚಿಸುತ್ತದೆ; ನೀರು ಮೈಗೆ ಹೀರಿಕೆಯಾಗದಂತೆ ತಡೆಯುತ್ತದೆ. ರಾತ್ರಿ ನುಂಗಿದ ಕರಿಬೋಳ ಬೆಳಗ್ಗೆ ಕೆಲಸ ಮಾಡುವುದು, ಅಂದರೆ 6ರಿಂದ 12 ಗಂಟೆ ತಡವಾಗುವುದು, ಈ ದಾರಿಯಿಂದಾಗಿ. ಹೊಟ್ಟೆ ಕಿವುಚುವ ನೋವು, ಅತಿಯಾದರೆ ಮೈಯ ಪೊಟ್ಯಾಸಿಯಂ ಇಳಿದುಹೋಗುವುದು ಇದರ ಅಡ್ಡಪರಿಣಾಮಗಳು. ಯೂರೋಪಿನ ಔಷಧಸಂಹಿತೆಯು ಬಾರ್ಬಡೋಸಿನ ಕರಿಬೋಳದಲ್ಲಿ ಈ ಬಗೆಯ ವಸ್ತುಗಳು ಬಾರ್ಬಲೋಯಿನ್ನಿನ ಲೆಕ್ಕದಲ್ಲಿ ಕನಿಷ್ಠ ಶೇಕಡಾ 28, ದಕ್ಷಿಣ ಆಫ್ರಿಕದ ಕೇಪ್ ಕರಿಬೋಳದಲ್ಲಿ ಕನಿಷ್ಠ ಶೇಕಡಾ 18 ಇರಬೇಕೆಂದು ಗೊತ್ತುಪಡಿಸಿದೆ. ಡಯೊಸ್ಕೊರಿಡೀಸ್ ನಾಲಗೆಯಿಂದ ಮಾಡಿದ ಪರೀಕ್ಷೆ ಈಗ ಪ್ರಯೋಗಶಾಲೆಗೆ ಬಂದಿದೆ.

ಲೋಳೆಯ ಉದಯ

ಸುಟ್ಟ ಬೆರಳಿಗೆ ಲೋಳೆ ಹಚ್ಚುವುದು ಅಡಿಗೆಮನೆಗಳಲ್ಲಿ ಎಂದಿನಿಂದಲೋ ಇದ್ದ ರೂಢಿ. ವೈದ್ಯಪತ್ರಿಕೆಗೆ ಅದು ಏರಿದ್ದು 1935ರಲ್ಲಿ. ಕ್ಷಕಿರಣ ಹೊಸದಾಗಿ ಬಳಕೆಗೆ ಬಂದ ದಶಕಗಳಲ್ಲಿ ಅದರಿಂದ ಚರ್ಮ ಸುಟ್ಟು ಮಾಯದ ಹುಣ್ಣಾಗುವುದು ಸಾಮಾನ್ಯವಾಗಿತ್ತು. ಕಾಲಿನ್ಸ್ ಎಂಬ ಒಂದೇ ಮನೆತನದ ಹೆಸರಿನ ಇಬ್ಬರು ಅಮೆರಿಕನ್ ವೈದ್ಯರು ಅಂತಹ ಗಾಯಕ್ಕೆ ಲೋಳೆಸರದ ಹಸಿ ಎಲೆಯನ್ನು ಹಚ್ಚಿ ಗುಣ ಕಂಡುದನ್ನು ವಿಕಿರಣ ವೈದ್ಯರ ಪತ್ರಿಕೆಯಲ್ಲಿ ವರದಿ ಮಾಡಿದರು. ಲೋಳೆಯ ಆಧುನಿಕ ಕೀರ್ತಿಗೆ ಮೊದಲ ಮೆಟ್ಟಿಲು ಇದೇ.

ಲೋಳೆಯಲ್ಲಿ ನೀರನ್ನು ಬಿಟ್ಟು ಉಳಿಯುವ ಅಲ್ಪಾಂಶದಲ್ಲಿ ಮುಖ್ಯವಾದುದು ಅಸೆಮನ್ನಾನ್ ಎಂಬ ಬಹುಶರ್ಕರ. ಮ್ಯಾನೋಸ್ ಎಂಬ ಸಕ್ಕರೆಯ ಕಣಗಳು ಸರದಂತೆ ಪೋಣಿಸಿಕೊಂಡು, ಅಲ್ಲಲ್ಲಿ ಅಸಿಟೈಲ್ ಗುಂಪುಗಳನ್ನು ತೊಟ್ಟ ರಚನೆ ಅದರದು. ನೀರನ್ನು ಹಿಡಿದಿಟ್ಟು ಲೋಳೆಯ ಜಾರುತನ ಕೊಡುವುದು, ಗಾಯದ ಮೇಲೆ ತೇವದ ಪೊರೆಯಾಗಿ ನಿಲ್ಲುವುದು ಇಂತಹ ಸರಗಳೇ. ಗಾಯ ಮಾಯಿಸುವ ಕೋಶಗಳಿಗೂ ರಕ್ಷಕ ಕೋಶಗಳಿಗೂ ಅದು ಚೇತನ ಕೊಡುತ್ತದೆಂದು ಪ್ರಯೋಗಶಾಲೆಯ ಅಧ್ಯಯನಗಳು ಸೂಚಿಸಿವೆ. ಆದರೆ ಈ ಸರ ಬಹು ಸೂಕ್ಷ್ಮ. ಕೊಯ್ದ ಎಲೆಯ ಲೋಳೆ ಹೊರಗಿಟ್ಟರೆ ಬೇಗನೆ ನೀರಾಗುವುದು ಕಿಣ್ವಗಳು ಸರವನ್ನು ತುಂಡರಿಸುವುದರಿಂದ; ಹೆಚ್ಚಿನ ಶಾಖವೂ ಅದನ್ನು ಕೆಡಿಸುತ್ತದೆ. ಹೀಗಾಗಿ ‘ಲೋಳೆಸರ’ವೆಂದು ಮಾರುವ ಸೀಸೆಯಲ್ಲಿ ಲೋಳೆಸರದ ಸತ್ತ್ವ ಎಷ್ಟಿದೆ ಎಂಬುದು ಬೇರೆಯೇ ಪ್ರಶ್ನೆ. ಅಗ್ಗದ ಮಾಲ್ಟೋಡೆಕ್ಸ್‌ಟ್ರಿನ್ ಬೆರೆಸಿದ ಸರಕನ್ನು ಪರೀಕ್ಷಕರು ಮತ್ತೆ ಮತ್ತೆ ಹಿಡಿದಿದ್ದಾರೆ. ಅಂದು ಅಂಟು, ಇಂದು ಹಿಟ್ಟಿನ ಸಕ್ಕರೆ. ಕಲಬೆರಕೆಯ ಪರಂಪರೆ ಮಾತ್ರ ಮುರಿದಿಲ್ಲ.

ಲೋಳೆಯ ಗುಣವನ್ನು ರೋಗಿಗಳ ಮೇಲೆ ಕ್ರಮವಾಗಿ ಪರೀಕ್ಷಿಸಿದಾಗ ಕಂಡದ್ದೇನು? 2007ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ ಸುಟ್ಟಗಾಯಗಳ ಕುರಿತ ನಾಲ್ಕು ಅಧ್ಯಯನಗಳ 371 ರೋಗಿಗಳ ವಿವರವನ್ನು ಕೂಡಿಸಿ ನೋಡಿತು. ಆಳವಲ್ಲದ ಸುಟ್ಟಗಾಯಗಳು ಲೋಳೆಸರದಿಂದ ಸರಾಸರಿ ಸುಮಾರು 9 ದಿನ ಮೊದಲೇ ಮಾಗಿದುವೆಂದು ಕಂಡುಕೊಂಡಿತು. ಅಧ್ಯಯನಗಳು ಚಿಕ್ಕವು, ಬಳಸಿದ ಸಿದ್ಧತೆಗಳು ಬೇರೆ ಬೇರೆ ಎಂಬ ಎಚ್ಚರಿಕೆಯನ್ನೂ ಸೇರಿಸಿತು. ಇತರ ಗಾಯಗಳ ಬಗ್ಗೆ 2012ರ ಕಾಕ್ರೇನ್ ಸಮೀಕ್ಷೆ 7 ಅಧ್ಯಯನಗಳನ್ನು ತೂಗಿ, ಖಚಿತವಾಗಿ ಹೇಳಲು ಸಾಕಷ್ಟು ಆಧಾರವಿಲ್ಲ ಎಂದಿತು. ವಿಚಿತ್ರವೆಂದರೆ, ಯಾವ ವಿಕಿರಣದ ಗಾಯದಿಂದ ಲೋಳೆಯ ಕೀರ್ತಿ ಆರಂಭವಾಯಿತೋ ಆ ಗಾಯವನ್ನು ಅದು ತಡೆಯಲಾರದೆಂದು 1999ರ ಸಮೀಕ್ಷೆಯೊಂದು ತೀರ್ಮಾನಿಸಿತು. ಒಬ್ಬ ರೋಗಿ ಗುಣವಾದ ಕಥೆಗೂ ನೂರಾರು ರೋಗಿಗಳ ಲೆಕ್ಕಕ್ಕೂ ಇರುವ ಅಂತರ ಇಲ್ಲಿ ತಿಳಿಯುತ್ತದೆ.

ಎರಡನ್ನು ಒಂದಾಗಿಸಿದ ಕಾಲ

ಲೋಳೆಯ ಕೀರ್ತಿ ಹೆಚ್ಚಿದಂತೆ ಎಲೆಯನ್ನು ಸಿಪ್ಪೆಸಹಿತ ಅರೆದು ರಸ ತೆಗೆಯುವ ಪದ್ಧತಿ ಬಂತು. ಶ್ರಮ ಕಡಿಮೆ, ಇಳುವರಿ ಹೆಚ್ಚು. ಆದರೆ ಹಾಗೆ ಮಾಡಿದಾಗ ಸಿಪ್ಪೆಯ ಅಡಿಯ ಹಳದಿ ರಸವೂ ಜೊತೆಗೆ ಬೆರೆಯುತ್ತದೆ. ಇದ್ದಿಲಿನ ಮೂಲಕ ಸೋಸಿ ಅದನ್ನು ತೆಗೆಯಬಹುದು; ತೆಗೆಯದೆಯೂ ಮಾರಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2002ರಲ್ಲಿ ಕರಿಬೋಳವುಳ್ಳ, ಚೀಟಿಯಿಲ್ಲದೆ ಕೊಳ್ಳಬಹುದಾದ ಭೇದಿಯ ಔಷಧಗಳನ್ನು ಪೇಟೆಯಿಂದ ಹಿಂತೆಗೆಸಿತು. ಸುರಕ್ಷಿತವೆಂಬುದಕ್ಕೆ ತಯಾರಕರು ಬೇಕಾದ ಆಧಾರ ಒದಗಿಸಿರಲಿಲ್ಲ. ಬಣ್ಣ ತೆಗೆಯದ ಇಡೀ ಎಲೆಯ ರಸವನ್ನು ಎರಡು ವರ್ಷ ಕುಡಿಯುವ ನೀರಿನಲ್ಲಿ ಕೊಟ್ಟ ಇಲಿಗಳ ದೊಡ್ಡ ಕರುಳಿನಲ್ಲಿ ಗೆಡ್ಡೆಗಳು ಬೆಳೆದುದನ್ನು ಅಲ್ಲಿನ ರಾಷ್ಟ್ರೀಯ ವಿಷವಿಜ್ಞಾನ ಕಾರ್ಯಕ್ರಮ 2013ರ ವರದಿಯಲ್ಲಿ ಸ್ಪಷ್ಟವಾಗಿ ಹೇಳಿತು. ಇದನ್ನು ಆಧರಿಸಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಇಡೀ ಎಲೆಯ ರಸವನ್ನು ‘ಮನುಷ್ಯರಲ್ಲಿ ಕ್ಯಾನ್ಸರಿಗೆ ಕಾರಣವಾಗಬಹುದಾದ’ ವಸ್ತುಗಳ 2ಬಿ ಗುಂಪಿನಲ್ಲಿ ಇರಿಸಿತು.

ಭಯಪಡುವುದು ಬೇಡ, ಮಾತನ್ನು ಸರಿಯಾಗಿ ಅರ್ಥಮಾಡಿಕೊಳ್ಳಬೇಕು. ಆ ಪ್ರಯೋಗ ಇಲಿಗಳ ಮೇಲೆ ನಡೆದದ್ದು. ಇಲಿಮರಿಯಂತಹ ಇನ್ನೊಂದು ಜಾತಿಯಾದ ಚಿಟ್ಟಿಲಿಗಳಲ್ಲಿ ಆ ಪರಿಣಾಮ ಕಂಡುಬರಲಿಲ್ಲ. ಆಕ್ಷೇಪ ಇಡೀ ಎಲೆಯ ರಸದ ಮೇಲೆಯೇ ಹೊರತು, ತೊಳೆದ ಲೋಳೆಯ ಮೇಲಲ್ಲ. ಚರ್ಮಕ್ಕೆ ಹಚ್ಚುವುದರ ಮೇಲಂತೂ ಅಲ್ಲ. ಲೋಳೆಸರದ ಉದ್ಯಮದವರದೇ ಅಂತರರಾಷ್ಟ್ರೀಯ ಮಂಡಳಿಯು ಕುಡಿಯುವ ರಸದಲ್ಲಿ ಅಲೋಯಿನ್ ಹತ್ತು ಲಕ್ಷಕ್ಕೆ 10 ಪಾಲಿಗಿಂತ ಕಡಿಮೆ ಇರಬೇಕೆಂದು ನಿಯಮ ಮಾಡಿಕೊಂಡಿದೆ. ಎಂದರೆ, ಎರಡು ರಸಗಳನ್ನು ಬೇರ್ಪಡಿಸಬೇಕೆಂಬ ಮಾತಿಗೆ ವಿಜ್ಞಾನವೂ ವ್ಯಾಪಾರವೂ ಸುತ್ತಿ ಬಳಸಿ ಬಂದು ನಿಂತಿವೆ.

ಈ ಮಾತನ್ನು ನಮ್ಮ ಮನೆಯ ಹಿರಿಯ ಹೆಂಗಸರು ಯಾವ ವರದಿಯನ್ನೂ ಓದದೆ ಪಾಲಿಸುತ್ತಿದ್ದರು. ಎಲೆಯನ್ನು ಬುಡದಲ್ಲಿ ಕೊಯ್ದು, ಕೊಯ್ದ ಬಾಯಿ ಕೆಳಗಾಗುವಂತೆ ಗೋಡೆಗೆ ಒರಗಿಸಿ, ಹಳದಿ ನೀರು ಪೂರ್ತಿ ಇಳಿಯುವವರೆಗೆ ಕಾಯುತ್ತಿದ್ದರು. ಆಮೇಲೆ ಅಂಚಿನ ಮುಳ್ಳು ಸವರಿ, ಸಿಪ್ಪೆಯನ್ನು ದಪ್ಪವಾಗಿ ಹೆರೆದು, ಲೋಳೆಯನ್ನು ಎರಡು ಮೂರು ನೀರಿನಲ್ಲಿ ತೊಳೆಯುತ್ತಿದ್ದರು. ಇಳಿದ ನೀರನ್ನು ಮಕ್ಕಳ ಕೈಗೆ ಸಿಗದಂತೆ ಚೆಲ್ಲುತ್ತಿದ್ದರು. ಸೊಕೊತ್ರಾದವನು ಯಾವುದನ್ನು ಆಡಿನ ಚರ್ಮದಲ್ಲಿ ಕೂಡಿಟ್ಟು ಮಾರಿದನೋ ಅದನ್ನೇ ಇವರು ಹಿತ್ತಿಲಿಗೆ ಸುರಿದರು. ಇಬ್ಬರೂ ಒಂದನ್ನು ಇನ್ನೊಂದರಿಂದ ಬೇರೆ ಮಾಡಿದವರೇ.

ಬಸುರಿಯರು, ಮೊಲೆಯೂಡಿಸುವ ತಾಯಂದಿರು, ಚಿಕ್ಕ ಮಕ್ಕಳು, ಕರುಳಿನ ಕಾಯಿಲೆಯವರು ಹಳದಿ ರಸದ ಗೊಡವೆಗೆ ಹೋಗಬಾರದು. ಸಕ್ಕರೆ ಕಾಯಿಲೆಗೋ ಹೃದಯಕ್ಕೋ ನಿತ್ಯ ಮಾತ್ರೆ ತೆಗೆದುಕೊಳ್ಳುವವರು ಯಾವ ಲೋಳೆಸರದ ರಸವನ್ನೂ ವೈದ್ಯರನ್ನು ಕೇಳದೆ ಕುಡಿಯಬಾರದು. ಆಳವಾದ ಸುಟ್ಟಗಾಯಕ್ಕೆ ಮೊದಲ ಮದ್ದು ತಣ್ಣೀರು, ಮುಂದಿನದು ಆಸ್ಪತ್ರೆ, ಲೋಳೆಯಲ್ಲ.

ಕರಿಬೋಳ, ಮುಸಂಬ್ರ ಎಂಬ ಮಾತುಗಳು ಇಂದು ಅರವತ್ತು ದಾಟಿದವರ ಬಾಯಲ್ಲಿ ಮಾತ್ರ ಉಳಿದಿವೆ. ಗಡಿಯ ಈಚೆಗಿನ ನಮಗೆ ಅವುಗಳ ಜೊತೆಗೆ ಕಾಳಾ ಬೋಳ, ಮುಸಾಂಬರಂ, ಚೆನ್ನಿನಾಯಕಂ ಎಂಬ ಒಡಹುಟ್ಟುಗಳೂ ಗೊತ್ತು. ಗಿಡಕ್ಕೊಂದು ಹೆಸರು, ಅದರ ಕಹಿಗೊಂದು ಹೆಸರು ಎಂದು ಎರಡನ್ನೂ ಇಟ್ಟುಕೊಂಡಿದ್ದ ಭಾಷೆಯಲ್ಲಿ ಯಾವುದನ್ನು ಹಚ್ಚಬೇಕು, ಯಾವುದನ್ನು ಚೆಲ್ಲಬೇಕು ಎಂಬ ತಿಳಿವಳಿಕೆ ತಾನಾಗಿ ಉಳಿದಿತ್ತು. ‘ಅಲೋವೆರಾ’ ಎಂಬ ಒಂದೇ ಪದ ಆ ಗೆರೆಯನ್ನು ಅಳಿಸುತ್ತದೆ. ಈ ಸಂಚಿಕೆಯನ್ನು ಮನೆಗೆ ಒಯ್ಯುವ ಸಂಘದ ಬಂಧುಗಳು ಹಿತ್ತಿಲಿನ ಗಿಡದ ಒಂದು ಎಲೆಯನ್ನು ಕೊಯ್ದು, ಗೋಡೆಗೆ ಒರಗಿಸಿ, ಇಳಿಯುವ ಹಳದಿಯನ್ನು ಮಕ್ಕಳಿಗೆ ತೋರಿಸಿ ಅದರ ಹೆಸರನ್ನು ಹೇಳಿಕೊಡಲಿ. ಎರಡು ರಸಗಳ ಪಾಠಕ್ಕೆ ಅಷ್ಟು ಸಾಕು.